ಹಿಡಿಯಿಂದ ಶುರುವಾಗುವ ಚಾಕು

ಕೈಯಲ್ಲಿ ಮಾಡಿದ ಚಾಕುವಿನ ಬಗ್ಗೆ ಮಾತು ಬಂದಾಗಲೆಲ್ಲ ಜನ ಉಕ್ಕಿನ ಹೆಸರು ಕೇಳುತ್ತಾರೆ. ನಾನು ಹಿಡಿಯ ಬಗ್ಗೆ ಕೇಳುತ್ತೇನೆ. ಅರ್ಧ ದಿನ ಕಾಡಿನಲ್ಲಿ ಕೂತು ಮರ ಹೆರೆದರೆ, ಅಂಗೈಯಲ್ಲಿ ಬೊಬ್ಬೆ ಏಳುತ್ತದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಹಿಡಿಯೇ.

ಈ ಬುಷ್‌ಕ್ರಾಫ್ಟ್ ಚಾಕುವನ್ನು, ಅಂದರೆ ಕಾಡಿನಲ್ಲಿ ಮರದ ಕೆಲಸಕ್ಕೆಂದೇ ಇರುವ ಚಾಕುವನ್ನು, ಗೆಳೆಯನೊಬ್ಬ ತನ್ನ ಪುಟ್ಟ ಕುಲುಮೆಯಲ್ಲಿ ಮಾಡಿಕೊಟ್ಟ. ಅಲಗಿನ ಉದ್ದ 10 ಸೆಂಟಿಮೀಟರ್, ಬೆನ್ನಿನ ದಪ್ಪ 4 ಮಿಲಿಮೀಟರ್. ಉಕ್ಕು 1095, ಅಂದರೆ ಶೇ 0.95ರಷ್ಟು ಇಂಗಾಲವಿರುವ ಸರಳ ಉಕ್ಕು. ಅಲಗಿನ ಲೋಹವೇ ಹಿಡಿಯ ಕೊನೆಯವರೆಗೂ ಪೂರ್ಣ ಅಗಲದಲ್ಲಿ ಸಾಗಿದೆ. ಅದರ ಎರಡು ಬದಿಗೂ ಮರದ ಹೋಳು ಅಂಟಿಸಿ ಹಿತ್ತಾಳೆಯ ಮೊಳೆ ಕೂರಿಸಿದ್ದಾನೆ.

ಹದ ಕೊಡುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಕೆಂಪಗೆ ಕಾದ ಅಲಗನ್ನು ಅವನು ಮತ್ತೆ ಮತ್ತೆ ಅಯಸ್ಕಾಂತಕ್ಕೆ ತಾಗಿಸಿ ನೋಡುತ್ತಿದ್ದ. ಸುಮಾರು 770 ಡಿಗ್ರಿ ಸೆಲ್ಸಿಯಸ್ ದಾಟಿದ ಉಕ್ಕನ್ನು ಅಯಸ್ಕಾಂತ ಹಿಡಿಯುವುದಿಲ್ಲ. ಅಲ್ಲಿಂದ ಇನ್ನಷ್ಟು ಕಾಯಿಸಿ, ಬೆಚ್ಚಗಿನ ಎಣ್ಣೆಗೆ ಒಂದೇ ಸಲಕ್ಕೆ ಇಳಿಸಿದ. ಆಗ ಅಲಗು ಗಾಜಿನಷ್ಟು ಪೆಡಸಾಗಿರುತ್ತದೆ, ಕೈಜಾರಿ ಬಿದ್ದರೂ ಮುರಿದೀತು. ಆಮೇಲೆ ಓವನ್‌ನಲ್ಲಿ 200 ಡಿಗ್ರಿಯ ಆಸುಪಾಸಿನಲ್ಲಿ ಎರಡೆರಡು ಗಂಟೆಯಂತೆ ಎರಡು ಸಲ ಇಟ್ಟರೆ ಪೆಡಸುತನ ಇಳಿಯುತ್ತದೆ, ಗಟ್ಟಿತನ ಬಹುಪಾಲು ಉಳಿಯುತ್ತದೆ.

ಕಾಡಿನಲ್ಲಿ ಮೊದಲು ಸಿಕ್ಕಿದ್ದು ಮುಂಗೈ ದಪ್ಪದ, ಒಣಗಿ ಬಿದ್ದ ಕೊಂಬೆ. ರಾತ್ರಿಯ ಮಳೆಗೆ ಹೊರಮೈ ತೊಯ್ದಿತ್ತು. ಒಳಗಿನ ಒಣ ಭಾಗ ಬೇಕಿದ್ದರೆ ಸೀಳಬೇಕು. ಅಲಗನ್ನು ಕೊಂಬೆಯ ತುದಿಗೆ ಅಡ್ಡಲಾಗಿಟ್ಟು ಇನ್ನೊಂದು ಮರದ ತುಂಡಿನಿಂದ ಬೆನ್ನಿಗೆ ಬಡಿದೆ; ಎಳೆ ನೇರವಾಗಿದ್ದುದರಿಂದ ಸಲೀಸಾಗಿ ಸೀಳಿತು. ಗಂಟಿದ್ದ ಭಾಗವನ್ನು ಮುಟ್ಟಲಿಲ್ಲ. ಗಂಟಿನ ನಡುವೆ ಚಾಕು ಬಡಿದು ಅದರ ತಾಕತ್ತು ತೋರಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅದು ಕೊಡಲಿಯ ಕೆಲಸ.

ನಿಜವಾದ ಪರೀಕ್ಷೆ ಬೆಂಕಿಗೆ ಬೇಕಾದ ಸುರುಳಿಗಳನ್ನು ಎಬ್ಬಿಸುವಾಗ. ಸೀಳಿದ ಕಡ್ಡಿಯ ಮೇಲೆ ಅಲಗನ್ನು ಜಾರಿಸುತ್ತ, ತೆಳ್ಳಗಿನ ಸಿಪ್ಪೆಗಳನ್ನು ಬುಡದಲ್ಲಿ ಕಡ್ಡಿಗೇ ಅಂಟಿಕೊಂಡಿರುವಂತೆ ಉಳಿಸಬೇಕು. ಈ ಚಾಕುವಿನದು ಸ್ಕ್ಯಾಂಡಿ ಅಂಚು: ಅಲಗಿನ ಮೇಲ್ಭಾಗವೆಲ್ಲ ಸಮತಟ್ಟು, ಕೆಳಗೆ ಎರಡೂ ಬದಿಯಿಂದ ಒಂದೊಂದೇ ಇಳಿಜಾರು ಬಂದು ಬಾಯಿಯಲ್ಲಿ, ಅಂದರೆ ಕತ್ತರಿಸುವ ಅಂಚಿನಲ್ಲಿ, ಸೇರುತ್ತದೆ. ಒಟ್ಟು ಕೋನ 25 ಡಿಗ್ರಿ. 4 ಮಿಲಿಮೀಟರ್ ದಪ್ಪಕ್ಕೆ ಆ ಇಳಿಜಾರು ಸುಮಾರು 9 ಮಿಲಿಮೀಟರ್ ಅಗಲವಾಗುತ್ತದೆ. ಇಷ್ಟು ಅಗಲದ ಪಟ್ಟಿ ಮರದ ಮೇಲೆ ಒರಗಿ ಕೂತಾಗ ಕೋನವನ್ನು ಕೈ ಹುಡುಕಬೇಕಾಗಿಲ್ಲ. ಮಣಿಕಟ್ಟನ್ನು ಕೂದಲೆಳೆಯಷ್ಟು ಎತ್ತಿದರೆ ಸುರುಳಿ ದಪ್ಪ, ಇಳಿಸಿದರೆ ತೆಳು. ಬೆಳಕು ತೂರುವಷ್ಟು ತೆಳ್ಳಗಿನ ಸುರುಳಿಗಳು ಒಂದರ ಹಿಂದೊಂದು ಎದ್ದಾಗ ಆದ ಸಂತೋಷವನ್ನು ಮುಚ್ಚಿಡಲಾರೆ.

ಈಗ ಹಿಡಿಗೆ ಬರುತ್ತೇನೆ. ಅಡ್ಡಕ್ಕೆ ಕತ್ತರಿಸಿ ನೋಡಿದರೆ ಮೊಟ್ಟೆಯಾಕಾರ; ಉದ್ದಕ್ಕೆ ನೋಡಿದರೆ ನಡುವೆ ಉಬ್ಬು, ಎರಡು ಕೊನೆಗೂ ಸಣ್ಣ. ಬೆರಳುಗಳಿಗೆಂದು ತಗ್ಗು ಕೊರೆದಿಲ್ಲ. ನೋಡಲು ಸಪ್ಪೆ ಎನ್ನಿಸಬಹುದು, ಆದರೆ ಗೆಳೆಯನ ಜಾಣತನ ಇರುವುದು ಅಲ್ಲೇ. ಬೆರಳಿನ ತಗ್ಗುಗಳು ಒಂದೇ ಬಗೆಯ ಹಿಡಿತಕ್ಕೆ ಒಗ್ಗುತ್ತವೆ. ಕಾಡಿನ ಕೆಲಸದಲ್ಲಿ ಹಿಡಿತ ಬದಲಾಗುತ್ತಲೇ ಇರುತ್ತದೆ. ಗೂಟ ಚೂಪು ಮಾಡುವಾಗ ಮುಷ್ಟಿ ಬಿಗಿದು ಹಿಡಿಯುತ್ತೇವೆ. ಕಚ್ಚು ಕೊರೆಯುವಾಗ ಚಾಕುವನ್ನು ಎದೆಯ ಮುಂದೆ ಬಾಯಿ ಹೊರಗಿರುವಂತೆ ತಿರುಗಿಸಿ, ಮೊಣಕೈಗಳನ್ನು ಹಿಂದಕ್ಕೆ ಸೆಳೆದು, ಬೆನ್ನಿನ ಸ್ನಾಯುಗಳ ಬಲವನ್ನೇ ಕೊಡುತ್ತೇವೆ. ನವಿರು ಕೆಲಸಕ್ಕೆ ಎಡಗೈ ಹೆಬ್ಬೆರಳು ಅಲಗಿನ ಬೆನ್ನನ್ನು ತಳ್ಳುತ್ತದೆ. ಎಲ್ಲದರಲ್ಲೂ ಈ ಹಿಡಿ ಕೈ ತುಂಬಿಕೊಂಡಿತು. ಮೊಟ್ಟೆಯಾಕಾರದಿಂದಾಗಿ, ನೋಡದೆಯೇ ಬಾಯಿ ಯಾವ ಕಡೆಗಿದೆ ಎಂಬುದೂ ಕೈಗೆ ತಿಳಿಯುತ್ತದೆ. ಸಂಜೆ ಅಂಗೈಯಲ್ಲಿ ಬೊಬ್ಬೆ ಇರಲಿಲ್ಲ.

ಹೆಬ್ಬೆರಳಿನ ಕಥೆ ಬೇರೆ. ಫೆರೋ ಕಡ್ಡಿ, ಅಂದರೆ ಕೆರೆದರೆ ಕಿಡಿ ಸುರಿಸುವ ಲೋಹದ ಕಡ್ಡಿ, ಕೆರೆಯಲೆಂದು ಬೆನ್ನಿನ ಅಂಚುಗಳನ್ನು ಚೌಕವಾಗಿ, ಚೂಪಾಗಿ ಉಳಿಸಿದ್ದಾನೆ. ಕಿಡಿ ಚೆನ್ನಾಗಿ ಸುರಿಯಿತು. ಆ ಕಿಡಿಗಳ ಬಿಸಿ 3000 ಡಿಗ್ರಿಯ ಸುತ್ತಮುತ್ತ, ಹಾಗಾಗಿ ಸುರುಳಿಗಳು ಬೇಗ ಹೊತ್ತಿಕೊಂಡವು. ಆದರೆ ತಳ್ಳುವ ಹೆಬ್ಬೆರಳಿಗೆ ಅದೇ ಅಂಚು ಒತ್ತಿ ಒತ್ತಿ ಚರ್ಮ ಕೆಂಪಾಯಿತು.

ಈ ಉಕ್ಕಿಗೆ ತುಕ್ಕು ತಡೆಯುವಷ್ಟು ಕ್ರೋಮಿಯಂ ಇಲ್ಲ. ಹಸಿ ತೊಗಟೆ ತಾಗಿದಲ್ಲಿ ಸಂಜೆಯೊಳಗೆ ನೀಲಿ ಬೂದು ಕಲೆ ಮೂಡಿತ್ತು. ಆ ಕಲೆಯಿಂದ ತೊಂದರೆಯಿಲ್ಲ, ಕೆಂಪು ತುಕ್ಕಿಗೆ ಜಾಗ ಕೊಡಬಾರದು ಅಷ್ಟೆ. ಒರೆಸಿ, ತೆಳ್ಳಗೆ ಎಣ್ಣೆ ಸವರಿ, ಚರ್ಮದ ಒರೆಯಿಂದ ಹೊರಗೇ ಇಡುತ್ತೇನೆ. ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತದೆ. ಬಾಯಿಯ ಮೇಲೆ ಉಗುರು ಎಳೆದು ನೋಡಿದೆ, ಎಲ್ಲೂ ಚಕ್ಕೆ ಹಾರಿರಲಿಲ್ಲ, ಮಡಚಿರಲಿಲ್ಲ. ಮತ್ತೆ ಹರಿತವಾಗಲು ಚರ್ಮದ ಪಟ್ಟಿಯ ಮೇಲೆ ಎಳೆದದ್ದೇ ಸಾಕಾಯಿತು.

ಗೆಳೆಯನಿಗೆ ಎರಡು ವಿಷಯ ಬರೆದಿದ್ದೇನೆ. ಹಿಡಿಗೆ ಹತ್ತಿರದ ಎರಡು ಸೆಂಟಿಮೀಟರ್‌ನಷ್ಟು ಬೆನ್ನನ್ನು ದುಂಡಗೆ ಮಾಡು, ಕಿಡಿಗೆ ಉಳಿದ ಭಾಗ ಧಾರಾಳ ಸಾಕು. ಮುಂದಿನ ಚಾಕುವನ್ನು 3 ಮಿಲಿಮೀಟರಿನಲ್ಲಿ ಮಾಡು, ಮರದೊಳಗೆ ಇನ್ನೂ ಹಗುರವಾಗಿ ಇಳಿಯುತ್ತದೆ. ಮೊದಲನೆಯದನ್ನು ಒಪ್ಪಿದ್ದಾನೆ. ಹದವಾದ ಉಕ್ಕಿಗೆ ಅರ ಹತ್ತುವುದಿಲ್ಲ, ಸಾಣೆಕಲ್ಲಿನಲ್ಲೇ ಉಜ್ಜಬೇಕು, ಕಳಿಸಿಕೊಡು ಎಂದಿದ್ದಾನೆ. 3 ಮಿಲಿಮೀಟರ್ ಆದರೆ ಸೀಳುವ ಬಲ ಕಡಿಮೆಯಾಗುತ್ತದೆ ಎಂಬುದು ಅವನ ವಾದ. ಸೀಳುವುದಕ್ಕಿಂತ ಹೆರೆಯುವುದೇ ನನಗೆ ಹೆಚ್ಚು ಎಂದು ಮತ್ತೆ ಬರೆದಿದ್ದೇನೆ.