ಪುಟ್ಟಿಯ ಇಂಜೆಕ್ಷನ್

ಗುರುವಾರ, 17 ಆಗಸ್ಟ್ 2023

ರಾತ್ರಿ ದಾವಣಗೆರೆಯಿಂದ ಅತ್ತೆ ಫೋನ್ ಮಾಡಿದ್ದರು. ಶನಿವಾರ ಪುಟ್ಟಿಗೆ ಇಂಜೆಕ್ಷನ್. ಬೇಡವೇ ಬೇಡ ಅಂತ ಹಟ ಹಿಡಿದಿದ್ದಾಳಂತೆ.

ಹಟ ಮಾಡದೆ ಏನು ಮಾಡ್ತಾಳೆ ಪಾಪ. 21 ದಿನಕ್ಕೊಮ್ಮೆ ಬೆಂಜಥೀನ್ ಪೆನ್ಸಿಲಿನ್. ದಪ್ಪ ಔಷಧ, ದಪ್ಪ ಸೂಜಿ. ಆಮೇಲೆ ಸರಿಯಾಗಿ ಕೂರೋಕೂ ಆಗಲ್ಲ. ಗಂಟಲು ಸೋಂಕಿನ ಬೆನ್ನಿಗೆ ರುಮ್ಯಾಟಿಕ್ ಜ್ವರ ಬಂದು ಹೃದಯದ ಕವಾಟಕ್ಕೆ ಪೆಟ್ಟು ಬಿದ್ದಾಗಿನಿಂದ ಇದೇ ಪಾಡು. ಇನ್ನೂ ವರ್ಷಗಟ್ಟಲೆ ನಡೀಬೇಕು.

ಅತ್ತೆ ಕೇಳಿದ್ದು ಇಷ್ಟೇ. "ದಡಾರ ಒಂದ್ಸಲ ಬಂದ್ರೆ ಮತ್ತೆ ಬರಂಗಿಲ್ಲ ಅಂತಾರಲ್ಲಪ್ಪ. ಈ ಗಂಟಲು ನೋವಿನ ರೋಗಾಣು ಮಾತ್ರ ಮೈಗೆ ಯಾಕೆ ನೆನಪಿರಂಗಿಲ್ಲ?"

ಎಂಥಾ ಪ್ರಶ್ನೆ! ನಮ್ಮ ಲ್ಯಾಬಿನ ಮೀಟಿಂಗಿನಲ್ಲೂ ಇಷ್ಟು ನೇರವಾಗಿ ಯಾರೂ ಕೇಳಲ್ಲ.

ನೆನಪಿರುತ್ತದೆ ಅತ್ತೆ ಅಂದೆ. ಆ ರೋಗಾಣುವಿನ ಹೆಸರು ಸ್ಟ್ರೆಪ್ಟೊಕಾಕಸ್. ಅದರ ಮೈಮೇಲೆ ಕೂದಲಿನಂತೆ ಎದ್ದು ನಿಂತ ಎಂ ಪ್ರೋಟೀನ್ ಇದೆ. ನ್ಯೂಯಾರ್ಕಿನಲ್ಲಿ ವಿಜ್ಞಾನಿ ರೆಬೆಕಾ ಲ್ಯಾನ್ಸ್‌ಫೀಲ್ಡ್ 1928ರಲ್ಲೇ ಅದನ್ನು ಗುರುತಿಸಿದ್ದರು. ಅದರ ವಿರುದ್ಧದ ಪ್ರತಿಕಾಯ, ಅಂದರೆ ರೋಗಾಣುವನ್ನು ಗುರುತಿಸಿ ಹಿಡಿಯೋಕೆ ಮೈ ತಯಾರಿಸುವ ಪ್ರೋಟೀನ್, ಮನುಷ್ಯರ ರಕ್ತದಲ್ಲಿ ದಶಕಗಟ್ಟಲೆ ಉಳಿಯಬಹುದು ಅಂತಲೂ ಅವರೇ ತೋರಿಸಿದರು. ಆದರೆ ಆ ಪ್ರತಿಕಾಯಕ್ಕೆ ಗೊತ್ತಿರೋದು ಮುಖ್ಯವಾಗಿ ಆ ಒಂದು ಬಗೆ. ಎಂ ಪ್ರೋಟೀನಿನಲ್ಲಿ 200ಕ್ಕೂ ಜಾಸ್ತಿ ಬಗೆಗಳಿವೆ. ಈ ರೋಗಾಣುಗಳು ತಮ್ಮತಮ್ಮಲ್ಲೇ ಜೀನ್ ಚೂರುಗಳನ್ನು ಕೊಟ್ಟು ತೆಗೆದುಕೊಳ್ಳುತ್ತವೆ. ಪಕ್ಕದ ಜಾತಿಯ ಸ್ಟ್ರೆಪ್ಟೊಕಾಕಸ್ ಜೊತೆಗೂ ಈ ವ್ಯವಹಾರ ಇದೆ.

"ಓರಗಿತ್ತೇರು ಸೀರೆ ಬದಲಾಯಿಸಿ ಉಟ್ಟಂಗೆ ಅನ್ನು."

ಇಡೀ ಸೀರೆ ಅಲ್ಲ ಅತ್ತೆ, ಒಬ್ಬಳ ಅಂಚು ಕತ್ತರಿಸಿ ಇನ್ನೊಬ್ಬಳ ಸೆರಗಿಗೆ ಹೊಲೆದ ಹಾಗೆ. ಅತ್ತೆ ನಕ್ಕರು. ನಾನು ಹುರುಪಿನಲ್ಲಿ ಮುಂದುವರಿಸಿದೆ. ಪ್ರತಿಕಾಯ ತನ್ನ ಎರಡು ತೋಳಿನಿಂದ ರೋಗಾಣುವನ್ನು ಹಿಡಿದು, ಬಾಲ ತೋರಿಸಿ ಬಿಳಿ ರಕ್ತಕಣಗಳನ್ನು ಕರೆಯುತ್ತದೆ. ಎಂ ಕುಟುಂಬದ ಕೆಲವು ಪ್ರೋಟೀನುಗಳು ಆ ಬಾಲಕ್ಕೇ ಗಂಟುಬೀಳುತ್ತವೆ. ಪ್ರತಿಕಾಯ ತಲೆಕೆಳಗಾಗಿ ಸಿಕ್ಕಿಕೊಳ್ಳುತ್ತದೆ, ಕರೆಯೋಕೆ ಬಾಲವೇ ಇಲ್ಲ.

ತಮಾಷೆ ಅಂದರೆ, ನನ್ನ ಸಂಬಳ ಬರೋದೂ ಇದೇ ಕುತಂತ್ರದಿಂದ. ಸ್ಟ್ಯಾಫಿಲೊಕಾಕಸ್ ಆರಿಯಸ್ ಅನ್ನೋ ಇನ್ನೊಂದು ರೋಗಾಣುವಿನ ಪ್ರೋಟೀನ್ ಎ ಕೂಡ ಬಾಲ ಹಿಡಿಯುವ ಜಾತಿಯದ್ದೇ. ಅದನ್ನು ಕಾಲಂನಲ್ಲಿ, ಅಂದರೆ ಸೋಸುವ ಕೊಳವೆಯಲ್ಲಿ, ತುಂಬಿ ಔಷಧದ ಪ್ರತಿಕಾಯ ಶುದ್ಧ ಮಾಡೋದು ನಮ್ಮ ದಿನದ ಕೆಲಸ.

ಹೃದಯದ ವಿಷಯ ಹೇಳುವಾಗ ಮಾತ್ರ ದನಿ ತಗ್ಗಿತು. ಈ ರೋಗಾಣುವಿನ ಮೇಲೆ ಮೈ ಹೂಡುವ ಯುದ್ಧ ಕೆಲವು ಮಕ್ಕಳಲ್ಲಿ ದಾರಿ ತಪ್ಪಿ ಹೃದಯದ ಮೇಲೇ ತಿರುಗುತ್ತದೆ. ಲಸಿಕೆ ಇನ್ನೂ ಬಾರದಿರೋಕೆ ಈ ಭಯವೂ ಒಂದು ಕಾರಣ. ಪ್ರತಿ ಹೊಸ ಸೋಂಕಿಗೂ ಕವಾಟ ಇನ್ನಷ್ಟು ಕೆಡಬಹುದು. ಅದಕ್ಕೇ ಸೋಂಕು ಗಂಟಲಿಗೆ ಇಳಿಯೋದನ್ನೇ ತಡೀಬೇಕು. ಅದಕ್ಕೇ ಆ ಸೂಜಿ. ಅತ್ತೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಹಂಗಾರೆ ಕರಕೊಂಡು ಹೋಗ್ತೀನಿ ಬಿಡು" ಅಂದರು.

ಅಷ್ಟರಲ್ಲಿ ಪುಟ್ಟಿ ಫೋನ್ ಕಿತ್ತುಕೊಂಡಳು. ಸ್ಪೀಕರ್‌ನಲ್ಲಿ ಎಲ್ಲಾ ಕೇಳಿಸಿಕೊಂಡಿದ್ದಾಳೆ ಕಳ್ಳಿ. "ಅಷ್ಟೆಲ್ಲಾ ಬದಲಾಯಿಸೋದಕ್ಕೆ ಪೆನ್ಸಿಲಿನ್ ಗೆಲ್ಲೋಕೆ ಯಾಕೆ ಬರಲ್ಲ ಅಣ್ಣಾ?"

ಹೌದಲ್ವಾ! ಎಂಬತ್ತು ವರ್ಷದಿಂದ ಪೆನ್ಸಿಲಿನ್ ಕೊಡುತ್ತಿದ್ದೇವೆ, ಈ ರೋಗಾಣು ಇವತ್ತಿಗೂ ಅದಕ್ಕೆ ಬಗ್ಗುತ್ತದೆ. ಇದರ ನೆಂಟ, ನ್ಯುಮೋನಿಯಾ ತರುವ ನ್ಯುಮೊಕಾಕಸ್, ಅಕ್ಕಪಕ್ಕದವರಿಂದ ಜೀನ್ ಚೂರು ಎತ್ತಿಕೊಂಡೇ ಪೆನ್ಸಿಲಿನ್‌ಗೆ ಸಡ್ಡು ಹೊಡೆದದ್ದು. ಅದನ್ನೂ ಹೇಳಿದೆ.

"ಅವರಿಬ್ಬರೂ ಇರೋದು ಒಂದೇ ಗಂಟಲಲ್ಲಿ ತಾನೇ? ಇದಕ್ಕೂ ಕಲಿಸಬಹುದಿತ್ತಲ್ಲ?"

ಒಂಬತ್ತನೇ ಕ್ಲಾಸು, ನೋಡಿ.

ನ್ಯುಮೊಕಾಕಸ್ ಹೊರಗೆ ಬಿದ್ದ ಡಿಎನ್‌ಎಯನ್ನು ಸಲೀಸಾಗಿ ಒಳಗೆಳೆದುಕೊಳ್ಳುತ್ತದೆ, ಇದಕ್ಕೆ ಅದು ಅಷ್ಟು ಸುಲಭವಲ್ಲ, ಹೆಚ್ಚಾಗಿ ಬ್ಯಾಕ್ಟೀರಿಯಾಗಳಿಗೇ ಅಂಟುವ ವೈರಸ್‌ಗಳು ಹೊತ್ತು ತರಬೇಕು ಅಂದೆ. ಅಂದ ಮೇಲೆ ಅನ್ನಿಸಿತು, ಎಂ ಜೀನ್ ಬದಲಾಯಿಸೋಕೆ ಆ ದಾರಿ ಸಾಕಾಯಿತಲ್ಲ, ಹಾಗಾದರೆ ಪೆನ್ಸಿಲಿನ್ ಗೆಲ್ಲೋಕೆ ಮಾತ್ರ ಯಾಕೆ ಸಾಲದಾಯಿತು?