ವಾಡಿಯಲ್ಲಿ ರೈಲು ತಡವಾದ ಸಂಜೆ

ಹೊರಗಿನವರಿಗೆ ವಾಡಿ ಅಂದ್ರೆ ರೈಲು ಬದಲಿಸುವ ಊರು. ಮುಂಬೈ–ಚೆನ್ನೈ ಹಳಿಯಿಂದ ಸಿಕಂದರಾಬಾದಿನ ಹಳಿ ಕವಲಾಗುವುದು ಇಲ್ಲೇ. ನಿಜಾಮರ ಸಂಸ್ಥಾನದ ಕಾಲದಲ್ಲಿ, 1874ರಲ್ಲಿ, ಶುರುವಾದ ದಾರಿ ಅದು. ಕಲಬುರಗಿ ಜಿಲ್ಲೆ ಚಿತ್ತಾಪುರ ತಾಲೂಕಿನ ಈ ಊರನ್ನು ನಾನೂ ಅಲ್ಲಿಯವರೆಗೆ ಕಿಟಕಿಯಿಂದಷ್ಟೇ ನೋಡಿದ್ದೆ. ಸಿಮೆಂಟ್ ಕಾರ್ಖಾನೆಯ ಚಿಮಣಿಗಳು, ಸಾಲುಗಟ್ಟಿ ನಿಂತ ಗೂಡ್ಸ್ ಗಾಡಿಗಳು, ಬೂದಿ ಬಣ್ಣದ ದೂಳು ಕೂತ ಬೇವಿನ ಮರಗಳು. ಅಷ್ಟರಲ್ಲಿ ಗಾಡಿ ಹೊರಟುಬಿಡುತ್ತಿತ್ತು.

2024ರ ನವೆಂಬರಿನ ಒಂದು ಶನಿವಾರ, ಅಶೋಕನ ಶಾಸನ ಸಿಕ್ಕ ಸನ್ನತಿ ನೋಡಿಕೊಂಡು, ಬೆಂಗಳೂರಿನ ರೈಲು ಹಿಡಿಯಲು ವಾಡಿಗೆ ಬಂದೆ. ದಾರಿಯುದ್ದಕ್ಕೂ ತೊಗರಿ ಹೊಲಗಳು ಹಳದಿ ಹೂ ಬಿಟ್ಟು ನಿಂತಿದ್ದವು. ಸ್ಟೇಷನ್ ಮುಟ್ಟಿದಾಗ ಕತ್ತಲಾಗುತ್ತಿತ್ತು. ರೈಲು ಮೂರು ತಾಸು ತಡ ಅಂತ ಗೊತ್ತಾಯಿತು. ಕರೆದುಕೊಂಡು ಬಂದಿದ್ದ ಟಂಟಂ ಆಟೊದ ಅಣ್ಣನನ್ನೇ ಕೇಳಿದೆ, ಊಟ ಎಲ್ಲಿ ಚೆನ್ನಾಗಿರುತ್ತೆ ಅಂತ. ಅವರು ಒಂದು ಖಾನಾವಳಿ ತೋರಿಸಿದರು. ಆಮೇಲೆ ನನ್ನ ಮುಖ ನೋಡಿ ದನಿ ತಗ್ಗಿಸಿದರು. “ನೀವು ತಗೋತೀರೇನ್ರಿ? ತಗೋತಿದ್ರ ಅಲ್ಲಿ ಹಿಂದ ಒಂದ್ ಬಾರ್ ಅದ. ರೊಟ್ಟಿನೂ ಸಿಗ್ತದ. ಹೊರಗಿನವ್ರಿಗಿ ಏನೂ ತ್ರಾಸ್ ಇಲ್ಲ.”

ಆ ಕೊನೆಯ ಮಾತು ಕೇಳಿಯೇ ನಾನು ಅತ್ತ ನಡೆದೆ. ನಾನು ತಿಪಟೂರಿನವನು. ಕುಡಿಯುವುದು ಕಮ್ಮಿ, ಅಪರೂಪಕ್ಕೆ ಒಂದು ಬಿಯರ್. ಆದರೆ ಸಣ್ಣ ಊರುಗಳ ಬಾರಿನಲ್ಲಿ ಒಂಟಿಯಾಗಿ ಕೂರುವುದು ಹೇಗಿರುತ್ತೆ ಅಂತ ಗೊತ್ತು. ಬಾಗಿಲಿನ ಪರದೆ ಸರಿಸಿದ ಕೂಡಲೇ ಎಲ್ಲ ಟೇಬಲಿನ ಮಾತೂ ನಿಲ್ಲುತ್ತೆ. ಯಾರೋ ಅಧಿಕಾರಿ ಇರಬೇಕು, ಇಲ್ಲಾ ಯಾರನ್ನೋ ಹುಡುಕಿಕೊಂಡು ಬಂದವನು ಇರಬೇಕು ಅಂತ ಅಳೆಯುತ್ತಾರೆ. ಬೇಗ ಕುಡಿದು ಎದ್ದು ಹೋಗೋಣ ಅನ್ನಿಸಿಬಿಡುತ್ತೆ.

ಇಲ್ಲಿ ಮಾತು ನಿಲ್ಲಲಿಲ್ಲ. ಉದ್ದನೆಯ ಒಂದೇ ಕೋಣೆ, ಟ್ಯೂಬ್‌ಲೈಟಿನ ಬೆಳಕು. ನೆಲ ಶಹಾಬಾದಿ ಫರಸಿಯದು. ಟೇಬಲ್ಲುಗಳೂ ಅದೇ ಕಲ್ಲಿನವು, ಕಬ್ಬಿಣದ ಕಾಲಿನ ಮೇಲೆ ಕೂರಿಸಿದ ಚಪ್ಪಡಿಗಳು. ಶಹಾಬಾದ್ ಇಲ್ಲಿಂದ ಪಕ್ಕದಲ್ಲೇ ಅಲ್ವಾ, ಮರಕ್ಕಿಂತ ಕಲ್ಲು ಅಗ್ಗ. ಮೊಣಕೈ ಊರಿದರೆ ತಣ್ಣಗೆ ಹಿತವಾಗಿತ್ತು. ಗೋಡೆಯ ಮೇಲೆ ಲೈಸೆನ್ಸಿನ ಕಾಗದಕ್ಕೆ ಕಟ್ಟು ಹಾಕಿಸಿ ನೇತುಹಾಕಿದ್ದರು. ಸಿಎಲ್-9, ಅಂದರೆ ಕೂತು ಕುಡಿಯಲು, ಉಣ್ಣಲು ಅನುಮತಿ ಇರುವ ಜಾಗ. ಸಿಎಲ್-2ನ ವೈನ್ ಶಾಪಿನಲ್ಲಾದರೆ ಬಾಟಲಿ ಕೊಂಡು ಮನೆಗೆ ಒಯ್ಯಬೇಕು, ಅಲ್ಲೇ ನಿಂತು ಕುಡಿಯುವಂತಿಲ್ಲ.

ನಾನು ಮೂಲೆಯ ಖಾಲಿ ಟೇಬಲಿಗೆ ಹೊರಟಿದ್ದೆ. ಬಿಳಿ ಮೀಸೆಯ ಒಬ್ಬ ಹಿರಿಯರು ತಡೆದರು. “ಅಲ್ಲಿ ಫ್ಯಾನ್ ತಿರಗಲ್ರಿ. ಇಲ್ಲಿ ಬರ್ರಿ, ಕುಂದರ್ರಿ.” ಪಕ್ಕದವರು ಆಗಲೇ ಬೆಂಚಿನಲ್ಲಿ ಸರಿದು ಜಾಗ ಮಾಡಿದ್ದರು. ಎಲ್ಲರೂ ಅವರನ್ನು ಕಾಕಾ ಅಂತಿದ್ದರು. ನಾನೂ ಹಾಗೇ ಕರೆದೆ.

“ಯಾವೂರ್ರಿ?” ಅಂದರು ಕಾಕಾ. ಹೇಳಿದೆ. “ಯಾವ ಗಾಡಿ?” ಅಂದರು. ಅದನ್ನೂ ಹೇಳಿದೆ. ಅಷ್ಟೇ. ಊರಿನ ಹೆಸರು ಹೇಳಿದ ಮೇಲೆ ಬರುವ ಎರಡನೇ ಪ್ರಶ್ನೆ ಏನಿರುತ್ತೆ ಅಂತ ನಮಗೆಲ್ಲ ಗೊತ್ತು. ಯಾವ ಪೈಕಿ, ಯಾರ ಕಡೆಯವರು, ಅಡ್ಡಹೆಸರು ಏನು. ನೇರವಾಗಿ ಕೇಳದಿದ್ದರೂ ಸುತ್ತಿ ಬಳಸಿ ಅಲ್ಲಿಗೇ ಬರುತ್ತಾರೆ. ಆ ಟೇಬಲಿನಲ್ಲಿ ಕೂತಷ್ಟು ಹೊತ್ತು ಅದನ್ನು ಯಾರೂ ಕೇಳಲಿಲ್ಲ. ನನಗೆ ಅದು ಎಷ್ಟು ಹಗುರ ಅನ್ನಿಸಿತು ಅಂದರೆ, ಇವತ್ತಿಗೂ ವಾಡಿ ಅಂದ ಕೂಡಲೇ ಮೊದಲು ನೆನಪಾಗುವುದು ಅದೇ.

ನಾವು ಐದು ಜನ ಆದೆವು. ಕಾಕಾ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದು ರಿಟೈರ್ ಆದವರು. ಪಕ್ಕದಲ್ಲಿ ನಾಲವಾರ ಕಡೆಯ ಒಬ್ಬ ತೊಗರಿ ರೈತ, ನನಗಿಂತ ಸ್ವಲ್ಪ ದೊಡ್ಡವರು. ಎದುರಿಗೆ ತೆಲಂಗಾಣದ ತಾಂಡೂರಿನಿಂದ ಬಂದು ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ ಮಾಡುವ ಹುಡುಗ. ಅವನ ಪಕ್ಕ ಒಬ್ಬ ಲೋಕೋ ಪೈಲಟ್. ಅವರ ಮುಂದೆ ಇದ್ದದ್ದು ಬರೀ ಸೋಡಾ ಮತ್ತು ಆಮ್ಲೆಟ್. “ಮುಂಜಾನಿ ಡ್ಯೂಟಿ ಅದ” ಅಂದರು. ಡ್ಯೂಟಿಗೆ ಸಹಿ ಹಾಕುವ ಮೊದಲು ಯಂತ್ರಕ್ಕೆ ಬಾಯಿ ಊದಿ ತೋರಿಸಬೇಕು. ಸೋಡಾ ಕುಡಿಯುವವರನ್ನು ಯಾರೂ ಛೇಡಿಸಲಿಲ್ಲ, ಒಂದು ಹಾಕ್ರಿ ಅಂತ ಒತ್ತಾಯವೂ ಇಲ್ಲ. ಇಂಥ ಬಾರನ್ನು ನಾನು ಹೆಚ್ಚು ನೋಡಿಲ್ಲ.

ನನ್ನ ಬಿಯರ್ ಬಂತು. ಅದರ ಹಿಂದೆಯೇ ಟೇಬಲಿನ ನಡುವೆ ಒಂದು ದೊಡ್ಡ ತಟ್ಟೆ. ಕುದಿಸಿದ ಹಸಿ ಶೇಂಗಾ, ಹೆಚ್ಚಿದ ಉಳ್ಳಾಗಡ್ಡಿ, ಸವತೆಕಾಯಿ, ಮೇಲೆ ಲಿಂಬೆಹುಳಿ, ಉಪ್ಪು, ಖಾರ. ಜೊತೆಗೆ ಬಿಸಿ ಮಿರ್ಚಿ ಭಜಿ. ನಾನು ಆರ್ಡರ್ ಮಾಡಿರಲಿಲ್ಲ. ಕೈ ಹಿಂದೆ ಇಟ್ಟುಕೊಂಡು ಕೂತಿದ್ದನ್ನು ಕಾಕಾ ಗಮನಿಸಿದರು. “ತಿನ್ರಿ. ಎಣ್ಣಿ ಅವರವರ್ದು, ಚಕ್ನಾ ಎಲ್ಲಾರ್ದು. ಇಲ್ಲಿ ಹಂಗೇ.”

ನಿಜವಾಗಿ ಹಾಗೇ ಇತ್ತು. ಇನ್ನೊಬ್ಬರ ಗ್ಲಾಸಿಗೆ ಯಾರೂ ಕೈ ಹಾಕುತ್ತಿರಲಿಲ್ಲ. ಹಾಕ್ಲಾ ಅಂತ ಕೇಳುತ್ತಲೂ ಇರಲಿಲ್ಲ. ಒಬ್ಬ ನೈಂಟಿಯ ಪಾಕೀಟು ಹಿಡಿದು ಗಂಟೆಗಟ್ಟಲೆ ಕೂತರೂ ಸರಿ, ಇನ್ನೊಬ್ಬ ಕ್ವಾರ್ಟರ್ ಮುಗಿಸಿ ಎದ್ದರೂ ಸರಿ. ಆದರೆ ತಟ್ಟೆ ಖಾಲಿಯಾದರೆ, ಯಾರ ಜೇಬಲ್ಲಿ ಇದೆಯೋ ಅವರು ಮುಂದಿನದು ಹೇಳಬೇಕು. ಕುಡಿಸುವ ಉಪಚಾರ ಬೇಡ, ತಿನ್ನಿಸುವುದು ಇರಲಿ. ತುಂಬಾ ಜನ ಕುಡಿತಕ್ಕೆ ಬೀಳುವುದು ಬೇರೆಯವರ ಉಪಚಾರದಿಂದಲೇ ಅಲ್ವಾ? ಈ ಊರಿನವರು ಅದನ್ನು ಚೆನ್ನಾಗಿ ಅರ್ಥ ಮಾಡಿಕೊಂಡಿದ್ದಾರೆ ಅನ್ನಿಸಿತು.

ತಿಪಟೂರು ಅಂದದ್ದೇ ತಡ, ರೈತಣ್ಣ ಕೊಬ್ಬರಿ ರೇಟು ಕೇಳಿದರು. ಉಂಡೆ ಕೊಬ್ಬರಿಗೆ ಆ ವರ್ಷ ಬೆಂಬಲ ಬೆಲೆ ಕ್ವಿಂಟಾಲಿಗೆ 12,000 ರೂಪಾಯಿ ಅಂದೆ. ತೊಗರಿಯದು 7,550 ಅಂದರು ಅವರು. ಮಾತು ಅಲ್ಲಿಂದ ಹತ್ತಿಕೊಂಡಿತು. ಮಾರ್ಕೆಟ್ಟಿಗೆ ಮಾಲು ಬಂದಾಗಲೇ ರೇಟು ಬೀಳುವುದು, ಖರೀದಿ ಕೇಂದ್ರ ತೆರೆಯುವ ಹೊತ್ತಿಗೆ ಸಾಲಗಾರ ರೈತ ಮಾಲು ಮಾರಿ ಮುಗಿಸಿರುವುದು. ನಮ್ಮಪ್ಪ ಅಟ್ಟದ ಮೇಲೆ ಕಾಯಿ ಒಣಗಿಸಿಟ್ಟು ರೇಟಿಗಾಗಿ ಕಾಯುವುದನ್ನು ಹೇಳಿದೆ. ಕೊಬ್ಬರಿಗೆ ಎಂಟರಿಂದ ಹನ್ನೆರಡು ತಿಂಗಳು ಬೇಕಾಗುತ್ತೆ ಅಂದಾಗ ಅವರಿಗೆ ಆಶ್ಚರ್ಯ. ತಮ್ಮ ಹೊಲದಲ್ಲಿ ಹಿಂದೆ ನೆಟೆರೋಗ ಬಿದ್ದು ನಿಂತ ಬೆಳೆ ನಿಂತಲ್ಲೇ ಒಣಗಿದ್ದನ್ನು ಅವರು ಹೇಳಿದರು. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ, ಅಂದರೆ ಭೌಗೋಳಿಕ ಗುರುತಿನ, ಮಾನ್ಯತೆ ಸಿಕ್ಕಿದೆ. ಅದು ನನಗೆ ಪತ್ರಿಕೆ ಓದಿ ಗೊತ್ತಿತ್ತು. “ಹೆಸರ್ ಬಂತ್ರಿ. ರೇಟ್ ಬರಬೇಕಲ್ರಿ” ಅಂದರು. ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಸನ್ನತಿಗೆ ಹೋಗಿದ್ದೆ ಅಂದಾಗ ಎಲ್ಲರಿಗಿಂತ ಖುಷಿಯಾದದ್ದು ಅವರಿಗೇ. 1986ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿ ಗುಡಿಯ ಚಾವಣಿ ಕುಸಿದಾಗ ಮೂರ್ತಿ ಒಡೆದು, ಅದರ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಕಾಣಿಸಿತಲ್ಲ, ಅದನ್ನು ಅವರು ತಮ್ಮ ಮನೆಯ ವಿಷಯದ ಹಾಗೆ ಹೇಳಿದರು. “ಮಾಳಗಿ ಬಿತ್ತಂತ ನಮ್ಮಪ್ಪ ನೋಡ್ಲಿಕ್ಕಿ ಹೋಗಿದ್ರು. ನಾ ಆಗ ಸಣ್ಣಾವ.” ಸನ್ನತಿ ಪಕ್ಕದ ಕನಗನಹಳ್ಳಿಯಲ್ಲಿ ಅಶೋಕನ ಹೆಸರು ಕೆತ್ತಿದ ಶಿಲ್ಪ ನೋಡಿ ಬಂದಿದ್ದೆ. ಮೊಬೈಲಿನಲ್ಲಿ ಫೋಟೊ ತೋರಿಸಿದೆ. ತಾಂಡೂರಿನ ಹುಡುಗ ಅದನ್ನು ತುಂಬಾ ಹೊತ್ತು ನೋಡಿದ. ಇಷ್ಟು ಹತ್ತಿರ ಇದೆ ಅಂತಲೇ ಅವನಿಗೆ ಗೊತ್ತಿರಲಿಲ್ಲ. ಮುಂದಿನ ರಜೆಗೆ ಕರೆದುಕೊಂಡು ಹೋಗ್ತೀನಿ ಅಂತ ರೈತಣ್ಣ ಅಲ್ಲೇ ಮಾತು ಕೊಟ್ಟರು.

ಆಗ ಒಬ್ಬರು ಒಳಗೆ ಬಂದರು. ಹುಬ್ಬಿನ ಮೇಲೆ, ಕಿವಿಯ ಮೇಲೆ ಕಲ್ಲಿನ ಪುಡಿ. ಫರಸಿ ಗಣಿಯಲ್ಲಿ ಕೆಲಸ ಅಂತ ನೋಡಿದರೇ ಗೊತ್ತಾಗುತ್ತಿತ್ತು. ಅವರು ಟೇಬಲಿಗೆ ಬರಲಿಲ್ಲ. ಸೀದಾ ಕೌಂಟರಿಗೆ ಹೋಗಿ, ಜೇಬಿನಿಂದ ನೋಟಿನ ಸುರುಳಿ ತೆಗೆದು ಅಷ್ಟನ್ನೂ ಕೌಂಟರಿನ ಅಣ್ಣನ ಕೈಗೆ ಇಟ್ಟರು. ಅಣ್ಣ ಎಣಿಸಿ, ಇನ್ನೂರು ರೂಪಾಯಿ ವಾಪಸ್ ಕೊಟ್ಟು, ಉಳಿದದ್ದನ್ನು ಲಕೋಟೆಗೆ ಹಾಕಿದರು. ನೋಟ್‌ಬುಕ್ಕಿನಲ್ಲಿ ಏನೋ ಬರೆದು ಡ್ರಾ ಎಳೆದು ಒಳಗಿಟ್ಟರು.

ಹಳೇ ಸಾಲ ಇರಬೇಕು ಅಂದುಕೊಂಡು ಕಾಕಾ ಕಡೆ ನೋಡಿದೆ. ಕಾಕಾ ತಲೆ ಅಲ್ಲಾಡಿಸಿದರು. “ಇವತ್ ಬಟವಾಡಿ. ಪಗಾರ ಅದು. ನಾಳಿ ಮುಂಜಾನಿ ಅವನ ಹೆಂಡ್ತಿ ಬಂದು ಒಯ್ತಾಳ.” ಹಿಂದೆ ಒಮ್ಮೆ ಆಕೆ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಇದೇ ಬಾಗಿಲಿಗೆ ಬಂದು ಜಗಳ ಮಾಡಿದ್ದಳಂತೆ. ವಾರದ ಪಗಾರ ಒಂದೇ ರಾತ್ರಿ ಇಲ್ಲಿ ಮುಗಿದಿತ್ತು. ಅವತ್ತು ಕೌಂಟರಿನ ಅಣ್ಣ, ಆಕೆ ಮತ್ತು ಆ ಮನುಷ್ಯ ಮೂವರೂ ಕೂತು ಮಾಡಿಕೊಂಡ ಕರಾರು ಇದು. ಆಮೇಲೆ ಇನ್ನೂ ಕೆಲವು ಮನೆಗಳ ಹೆಣ್ಣುಮಕ್ಕಳು ಬಂದು ತಮ್ಮವರ ಹೆಸರೂ ಬರೆಸಿದ್ದಾರೆ.

ಆ ಮನುಷ್ಯ ಬಂದು ನಮ್ಮ ಹಿಂದಿನ ಟೇಬಲಿನಲ್ಲಿ ಕೂತರು. ಒಂದು ನೈಂಟಿ, ಎರಡು ಬೇಯಿಸಿದ ಮೊಟ್ಟೆ. ಆಮೇಲೆ ಇನ್ನೊಂದು ನೈಂಟಿ. ಮೂರನೆಯದಕ್ಕೆ ಕೈ ಎತ್ತಿದಾಗ ಕೌಂಟರಿನಿಂದಲೇ ದನಿ ಬಂತು. “ಸಾಕು ತಮ್ಮಾ. ಮನಿಗಿ ನಡಿ.” ಗದರಿಕೆ ಇರಲಿಲ್ಲ. ಅವರೂ ಎದುರು ಮಾತಾಡಲಿಲ್ಲ, ಎದ್ದು ಟವೆಲ್ ಕೊಡವಿಕೊಂಡು ಹೋದರು.

ಬಾರು ಒಳ್ಳೆಯ ಜಾಗ ಅಂತ ನಾನು ಹೇಳುತ್ತಿಲ್ಲ. ಕುಡಿತಕ್ಕೆ ಹೊಲ ಹೋದ, ಒಡವೆ ಹೋದ ಮನೆಗಳನ್ನು ನಮ್ಮೂರಲ್ಲೂ ನೋಡಿದ್ದೇನೆ. ಕಾಕಾ ಸಿಂದಿ ಅಂಗಡಿಗಳ ಕಾಲ ನೋಡಿದವರು, ಸಾರಾಯಿ ಪಾಕೀಟಿನ ಕಾಲವನ್ನೂ ನೋಡಿದವರು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಸಾರಾಯಿ ಹೋಯಿತು, ಆ ಜಾಗಕ್ಕೆ ಅಗ್ಗದ ವಿಸ್ಕಿಯ ಪಾಕೀಟು ಬಂತು, ಕೂಲಿಯವನ ಖರ್ಚು ಹೆಚ್ಚಾಯಿತು ಅಂತ ಅವರ ಲೆಕ್ಕ. ಸಗಟು ಮಾರಾಟವಂತೂ 2003ರಿಂದ ಸರ್ಕಾರದ ಪಾನೀಯ ನಿಗಮದ ಕೈಯಲ್ಲೇ ಇದೆ. ತೆರಿಗೆ ಅಲ್ಲಿಗೆ ಹೋಗುತ್ತೆ. ಬಾಟಲಿ ತೆರೆದ ಮೇಲಿನ ಜವಾಬ್ದಾರಿ ಮಾತ್ರ ಆ ಮನೆಯ ಹೆಂಗಸಿನ ತಲೆ ಮೇಲೆ. ಅದರಲ್ಲಿ ಒಂದಿಷ್ಟನ್ನು ಒಬ್ಬ ಕೌಂಟರಿನವರು ತಾವಾಗಿ ಹೊತ್ತಿದ್ದಾರೆ, ಅದೂ ತಮ್ಮದೇ ವ್ಯಾಪಾರ ಕಮ್ಮಿ ಮಾಡಿಕೊಂಡು. ನನಗೆ ಅವರ ಬಗ್ಗೆ ದೊಡ್ಡ ಗೌರವ ಬಂತು. ಹೋಗಿ ಹೇಳಿದೆ ಕೂಡ. “ಅವ್ರು ಬಂದ್ರನೇ ನಮ್ ಅಂಗಡಿ ನಡೀತದ. ಅವ್ರ ಮನಿ ಕೆಟ್ರ ನಾಳಿ ಯಾರ್ ಬರ್ತಾರ್ರಿ?” ಅಂದು ಅವರು ಚಿಲ್ಲರೆ ಎಣಿಸತೊಡಗಿದರು.

ಊಟಕ್ಕೆ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ತತ್ತಿ ಸಾರು. ರೊಟ್ಟಿ ಬಡಿಯುವ ಸಪ್ಪಳ ಹಿಂದಿನ ಕೋಣೆಯಿಂದ ಕೇಳುತ್ತಿತ್ತು. ಒಂದೊಂದಾಗಿ ಬಿಸಿಬಿಸಿ ಬರುತ್ತಿದ್ದವು. ಪುಂಡಿಯ ಹುಳಿ ಆ ಖಾರದ ಹಿಂಡಿಗೆ ಸೇರಿದರೆ ಬೇರೆ ಏನೂ ಬೇಡ.

ಉಣ್ಣುವಾಗ ಕಾಕಾಗೆ ಕೇಳಿಯೇಬಿಟ್ಟೆ. ಹೊರಗಿನವರನ್ನು ಇಷ್ಟು ಸಲೀಸಾಗಿ ಹೇಗೆ ಕೂರಿಸಿಕೊಳ್ಳುತ್ತೀರಿ ಅಂತ. ಅವರು ಟೇಬಲಿನ ಸುತ್ತ ಕೈ ತೋರಿಸಿದರು. ಅವರ ಅಪ್ಪ ರೈಲ್ವೆ ಕೆಲಸಕ್ಕೆ ಅಂತ ಸೊಲ್ಲಾಪುರದ ಕಡೆಯಿಂದ ಬಂದವರು. ಹುಡುಗ ತಾಂಡೂರಿನವನು. ಲೋಕೋ ಪೈಲಟ್ ಗುಂತಕಲ್ಲಿನವರು. ಹಿಂದಿನ ಟೇಬಲಿನಲ್ಲಿ ಬಿಹಾರದ ಇಬ್ಬರು ಇದ್ದರು, ಆಚೆ ತಾಂಡಾದ ಲಂಬಾಣಿ ಹುಡುಗರು. ಕನ್ನಡ, ಉರ್ದು, ತೆಲುಗು, ಮರಾಠಿ ಎಲ್ಲ ಒಂದೇ ವಾಕ್ಯದಲ್ಲಿ ಬಂದು ಹೋಗುತ್ತಿದ್ದವು. “ಇಲ್ಲಿ ಎಲ್ಲಾರೂ ಗಾಡಿ ಇಳ್ದು ಬಂದಾವ್ರೇ. ಕೆಲವ್ರು ಮೊದ್ಲ ಇಳ್ದೀವಿ, ನೀವು ಇವತ್ ಇಳ್ದೀರಿ.” ರೈತಣ್ಣ ಒಬ್ಬರೇ ಈ ಮಣ್ಣಿನವರು. ಅವರು ನಗುತ್ತಾ ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು.

ಲೋಕೋ ಪೈಲಟ್ ಮೊಬೈಲ್ ನೋಡುತ್ತಲೇ ಇದ್ದರು. “ಕಲಬುರಗಿ ಬಿಟ್ಟದ. ಶಹಾಬಾದ್ ದಾಟಿದ್ರ ಏಳ್ರಿ, ಸಾಕು.” ನನಗಿಂತ ಜಾಸ್ತಿ ಕಾಳಜಿ ಅವರಿಗೆ. ಬಿಲ್ಲಿನಲ್ಲಿ ಬಿಯರ್ ಮತ್ತು ಊಟ ಮಾತ್ರ ಇತ್ತು. ಒಂದು ತಟ್ಟೆ ಚಕ್ನಾ ನನ್ನ ಲೆಕ್ಕಕ್ಕೆ ಹಾಕಿ ಅಂತ ಹಟ ಮಾಡಿದೆ. ಕಾಕಾ ಒಪ್ಪಿದರು. ಹುಡುಗ ನನ್ನ ಬ್ಯಾಗು ಎತ್ತಿಕೊಂಡು ಹೊರಟೇಬಿಟ್ಟ.

ಬಾಗಿಲಲ್ಲಿ ರೈತಣ್ಣ ನನ್ನ ನಂಬರ್ ತಗೊಂಡರು. “ಇಲ್ಲಿ ಏನ್ ನೋಡ್ತೀರಿ? ಎಳ್ಳ ಅಮಾಸಿಗಿ ಹೊಲಕ್ಕ ಬರ್ರಿ.” ಆ ದಿನ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಪೂಜೆ ಮಾಡಿ, ಬೆಳೆಗೆ ಚರಗ, ಅಂದರೆ ನೈವೇದ್ಯದ ಅಡುಗೆ, ಚೆಲ್ಲುತ್ತಾರೆ. ಸಜ್ಜೆ ಕಡುಬು, ರೊಟ್ಟಿ, ಹತ್ತಾರು ಕಾಳು ಸೊಪ್ಪು ಸೇರಿಸಿ ಮಾಡಿದ ಭಜ್ಜಿ. ದಾರಿಯಲ್ಲಿ ಹೋಗುವವರನ್ನೂ ಕೂಗಿ ಕರೆದು ಉಣಿಸುತ್ತಾರೆ. ರೈಲಿನ ಹೊತ್ತಿಗೆ ಹೇಳುವ ಮಾತು ಅಂದುಕೊಂಡು ತಲೆ ಆಡಿಸಿ ಬಂದೆ.

ಡಿಸೆಂಬರಿನಲ್ಲಿ ಫೋನ್ ಬಂತು. “ಅಮಾಸಿ 30ನೇ ತಾರೀಕು, ಸೋಮವಾರ. ಟಿಕೀಟ್ ಮಾಡ್ಸೀರಿಲ್ಲೋ? ನಿಮ್ ಕಡಿ ಉಂಡಿ ಕೊಬ್ಬರಿ ತರ್ರಿ, ನಮ್ಮವ್ವಗ ತೋರಸ್ಬೇಕು.” ಸೋಮವಾರಕ್ಕೆ ರಜೆ ಬರೆದುಕೊಟ್ಟೆ. ಅಪ್ಪ ಅಟ್ಟ ಹತ್ತಿ, ಇದು ಬೇಡ ಅದು ಬೇಡ ಅಂತ ಅಲ್ಲಾಡಿಸಿ ಅಲ್ಲಾಡಿಸಿ ನೋಡಿ, ಒಂದು ಚೀಲ ಕೊಬ್ಬರಿ ಆರಿಸಿ ಕೊಟ್ಟರು.