ಪೊಲೀಸರಿಗೆ ಡಾಕ್ಟರೇಟ್ ಯಾಕೆ ಬೇಕು?

ಮೊನ್ನೆ ಚಿತ್ರದುರ್ಗದ ಕೋರ್ಟ್ ಎದುರು ಟೀ ಕುಡಿಯುವಾಗ ಜೊತೆಯ ಹೆಡ್ ಕಾನ್‌ಸ್ಟೇಬಲ್ ಕೇಳಿದ, "ಡಾಕ್ಟರೇಟ್ ಮಾಡ್ತೀಯಂತೆ, ಆಮೇಲೆ ನಿನ್ ಹತ್ರ ಇಂಜೆಕ್ಷನ್ ಹಾಕಿಸ್ಕೋಬಹುದಾ?" ಎಲ್ಲರೂ ನಕ್ಕರು. ನಾನೂ ನಕ್ಕೆ. ಥೀಸಿಸ್ ನೋಡಿ ಯಾರೂ ಪ್ರಮೋಷನ್ ಕೊಡಲ್ಲ, ಅದು ನನಗೂ ಗೊತ್ತು.

ಆದರೆ ನನ್ನ ಹತ್ರ ಒಂದು ನೋಟ್‌ಬುಕ್ ಇದೆ. ಕೋರ್ಟ್ ಡ್ಯೂಟಿಗೆ ಬಂದು ನಾಲ್ಕು ವರ್ಷ ಆಯ್ತು. ಮಹಜರಿನ ಪಂಚರು, ಅಂದರೆ ಶೋಧ, ಜಪ್ತಿ ನಮ್ಮೆದುರೇ ಆಯ್ತು ಅಂತ ಸಹಿ ಹಾಕಿದ ಸಾಕ್ಷಿಗಳು, ಕಟಕಟೆಯಲ್ಲಿ ತಿರುಗಿಬಿದ್ದಾಗೆಲ್ಲ ಅವರ ಮಾತನ್ನು ಅದರಲ್ಲಿ ಬರೆದಿಟ್ಟಿದ್ದೇನೆ. "ಸಹಿ ನಂದೇ ಸ್ವಾಮಿ, ಸ್ಟೇಷನ್ನಲ್ಲಿ ಹಾಕಿಸ್ಕೊಂಡ್ರು, ಏನ್ ಬರ್ದಿದ್ರೋ ಗೊತ್ತಿಲ್ಲ." ಊರು ಬೇರೆ, ಕೇಸು ಬೇರೆ, ಮಾತು ಮಾತ್ರ ಅದೇ. ಒಬ್ಬನಂತೂ ಮೂರು ಕೇಸಿಗೆ ಪಂಚ. ಪಾಪ, ಸ್ಟೇಷನ್ ಪಕ್ಕ ಟೀ ಅಂಗಡಿ ಇಟ್ಟಿದ್ದೇ ಅವನ ತಪ್ಪು.

ಬ್ರಿಟನ್ನಿನಲ್ಲಿ ನನ್ನಂಥ ಕೆಲಸದಲ್ಲಿರುವವರಿಗಾಗಿಯೇ ಪ್ರೊಫೆಷನಲ್ ಡಾಕ್ಟರೇಟ್ ಇದೆ. ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದ್ದು ಹೆಸರುವಾಸಿ. ಪೊಲೀಸರು, ಜೈಲಿನವರು ಕೆಲಸ ಬಿಡದೆ ಓದುತ್ತಾರೆ, ದಿನಾ ಕಾಡುವ ತೊಡಕೊಂದನ್ನೇ ಹಿಡಿದು ಥೀಸಿಸ್ ಬರೆಯುತ್ತಾರೆ. ನನ್ನಂಥವನಿಗೆ ಇಲ್ಲಿ ಪಿಎಚ್‌ಡಿಯೇ ದಾರಿ. 2022ರ ಯುಜಿಸಿ ನಿಯಮದಲ್ಲಿ ಪಾರ್ಟ್ ಟೈಮ್ ಪಿಎಚ್‌ಡಿಗೆ ಅವಕಾಶ ಇದೆ, ಆದರೆ ಇಲಾಖೆಯ ಎನ್‌ಒಸಿ ಬೇಕು, ಓದೋಕೆ ಸಮಯ ಸಿಗುತ್ತದೆ ಅಂತ ಅದರಲ್ಲಿ ಬರೆದಿರಬೇಕು. ಹಿಂದೂ ಮಹಾಗಣಪತಿ ಮೆರವಣಿಗೆಯ ಬಂದೋಬಸ್ತ್ ದಿನ ಆ ಕಾಗದ ತೋರಿಸಿ ನೋಡಬೇಕು!

ಪಂಚರ ಮೇಲೆ ಥೀಸಿಸ್ ಬರೆಯೋಕೆ ಈಗ ಒಳ್ಳೆ ಹೊತ್ತು. 2024ರ ಜುಲೈ 1ರಿಂದ ಹಳೇ ಸಿಆರ್‌ಪಿಸಿ ಜಾಗಕ್ಕೆ ಬಿಎನ್‌ಎಸ್‌ಎಸ್ ಅನ್ನೋ ಹೊಸ ಕ್ರಿಮಿನಲ್ ಪ್ರಕ್ರಿಯಾ ಕಾನೂನು ಬಂದಿದೆ. ಅದರ 105ನೇ ಕಲಂ ಪ್ರಕಾರ ಶೋಧ, ಜಪ್ತಿ, ಪಟ್ಟಿಗೆ ಪಂಚರು ಸಹಿ ಹಾಕೋದು, ಎಲ್ಲವೂ ವಿಡಿಯೋ ಆಗಬೇಕು, ಮೊಬೈಲಲ್ಲೇ ಮಾಡಬಹುದು. ಹಾಗಾದರೆ ಪಂಚರು ತಿರುಗಿಬೀಳೋದು ಕಡಿಮೆ ಆಗುತ್ತದಾ? ಅಥವಾ ವಿಡಿಯೋ ಎದುರಲ್ಲೇ "ಗೊತ್ತಿಲ್ಲ ಸ್ವಾಮಿ" ಅಂತಾರಾ? ದಿನಾ ಕೋರ್ಟ್ ಹಾಲಿನಲ್ಲಿ ನಿಲ್ಲುವವನಿಗೆ ಇದು ಕಣ್ಣೆದುರೇ ಕಾಣುತ್ತದೆ ಅಂದುಕೊಂಡಿದ್ದೆ.

ಹೋದ ವಾರ ದಾವಣಗೆರೆಗೆ ಹೋಗಿ ಪರಿಚಯದ ಮೇಷ್ಟ್ರಿಗೆ ನೋಟ್‌ಬುಕ್ ತೋರಿಸಿದೆ. ಹತ್ತು ನಿಮಿಷ ಪುಟ ತಿರುವಿದರು. "ತಿರುಗಿಬೀಳದೇ ಇದ್ದ ಪಂಚರು ಎಲ್ಲಿ?" ಅಂದರು.

ಒಬ್ಬರದ್ದೂ ಬರೆದಿರಲಿಲ್ಲ. ಅವರನ್ನೂ ಎಣಿಸದೆ ತಿರುಗಿಬೀಳೋದು ಕಡಿಮೆ ಆಯ್ತಾ ಅಂತ ಹೇಳೋದು ಹೇಗೆ? ನಾಲ್ಕು ವರ್ಷ ದಿನಾ ಅಲ್ಲೇ ನಿಂತಿದ್ದರೂ ಹೊಳೆದೇ ಇರಲಿಲ್ಲ ನೋಡಿ. ಸೋಮವಾರದಿಂದ ಅವರನ್ನೂ ಬರೆಯುತ್ತಿದ್ದೇನೆ, ಮೂರು ಜನ ಆಗಿದ್ದಾರೆ. ಎನ್‌ಒಸಿ ಅರ್ಜಿ ಇನ್ನೂ ಬ್ಯಾಗಿನಲ್ಲೇ ಇದೆ.